ಅರ್ಧಕುಶಲ ದೋಸೆ

ನಾನು ಅಕುಶಲ. ಇದು ನನ್ನ ವಿನಯವಲ್ಲ, ಸರ್ಕಾರದ ಅಭಿಪ್ರಾಯ. ಎಡಗೈಯ ಮೇಲೆ ಬೆರಳಿನಿಂದ ಮೊಣಕೈವರೆಗೆ ಕಪ್ಪು-ಬಶಿಗಳನ್ನು ಏರಿಸಿಕೊಂಡು, ಬಲಗೈಯಲ್ಲಿ ಸಾಂಬಾರಿನ ಬಕೆಟ್ಟು ಹಿಡಿದು, ಲೋಕಲ್ ರೈಲು ತಪ್ಪುತ್ತದೆಂದು ನಿಂತೇ ಇಡ್ಲಿ ನುಂಗುವ ಗಿರಾಕಿಗಳ ನಡುವೆ ಒಂದು ಹನಿ ಚೆಲ್ಲದೆ ನುಸುಳುತ್ತಿದ್ದವನು ನಾನು. ಅಂಥವನನ್ನು ಒಬ್ಬ ಇನ್ಸ್‌ಪೆಕ್ಟರ್ ಸಾಹೇಬರು ಅಕುಶಲ ಎಂದು ಬರೆದುಕೊಂಡು ಹೋದರು. ಕಾರಣ ಇಷ್ಟೇ, ಅವರು ಎದುರಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ ನನಗೆ ಸೀನು ಬಂತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಜೋಗೇಶ್ವರಿ ಸ್ಟೇಷನ್ನಿನಿಂದ ಹೊರಬಿದ್ದರೆ ಬಲಕ್ಕೆ ನಮ್ಮ ಉಡುಪಿ ಹೋಟೆಲು. ಸುತ್ತ ಸಣ್ಣಪುಟ್ಟ ಕಾರ್ಖಾನೆಗಳು, ಹಾಗಾಗಿ ಬೆಳಿಗ್ಗೆಯಿಂದಲೇ ಗಿರಾಕಿ. ಗಲ್ಲೆಯಲ್ಲಿ ನಮ್ಮ ಧಣಿಗಳು ಕೂತಿರುತ್ತಿದ್ದರು. ಕೆಟ್ಟವರೇನಲ್ಲ. ಸಿಟ್ಟು ಬಂದರೆ ಬೈಯುತ್ತಿದ್ದರು, ಬೈದು ಮುಗಿದ ಮೇಲೆ ಕಾಫಿ ಕುಡಿ ಎನ್ನುತ್ತಿದ್ದರು. ಪಗಾರ ಹೆಚ್ಚು ಮಾಡಿ ಅಂದರೆ ಮಾತ್ರ ಅವರಿಗೆ ನಮ್ಮ ಮನೆಯವರ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತಿತ್ತು. "ಅಮ್ಮ ಹೇಗಿದ್ದಾರೆ ಮಾರಾಯ? ಕಪಿಲೆ ಕರು ಹಾಕಿತಾ?" ಎಂದು ಶುರು ಮಾಡಿದರೆ, ಕರುವಿನ ಬಣ್ಣದವರೆಗೆ ವಿಚಾರಿಸಿ ನಮ್ಮನ್ನು ಬೆನ್ನು ತಟ್ಟಿ ಕಳಿಸುತ್ತಿದ್ದರು. ಅಡಿಗೆಮನೆ ತಲುಪಿದ ಮೇಲೆ ನಾವು ಯಾಕೆ ಹೋಗಿದ್ದೆವು ಎಂಬುದು ನೆನಪಾಗುತ್ತಿತ್ತು.

ಅಡಿಗೆಮನೆಯಲ್ಲಿ ಇಬ್ಬರು ಮುಖ್ಯರು. ಒಬ್ಬರು ದೋಸೆಯ ಭಟ್ಟರು. ಅವರ ದೋಸೆಗಾಗಿ ಮಲಾಡಿನವರು ಕೂಡ ಇಲ್ಲಿ ಇಳಿಯುತ್ತಿದ್ದರು. ಇದು ಅವರಿಗೂ ಗೊತ್ತಿತ್ತು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು. ಇನ್ನೊಬ್ಬ, ಕಡೆಯುವ ಕಲ್ಲಿನ ಮಾವ. ಯಾರ ಮಾವನೂ ಅಲ್ಲ, ಎಲ್ಲರಿಗೂ ಮಾವ. ಹಿಂದಿನ ಮೂಲೆಯಲ್ಲಿ ಆ ದೊಡ್ಡ ಕಲ್ಲಿನ ಮುಂದೆ ಕೂತು ಅಕ್ಕಿ ಉದ್ದು ಕಡೆಯುವುದು ಅವನ ಕೆಲಸ. ತೆಳ್ಳಗಿನ ಆಳು. ಒಲೆಯ ಹೊಗೆಯೆಲ್ಲ ಅದೇ ಮೂಲೆಗೆ ಹೋಗುತ್ತಿದ್ದುದರಿಂದ ಅವನಿಗೆ ಸದಾ ಕೆಮ್ಮು.

ಆ ವರ್ಷ ಮಾವ ಬಹಳ ಖುಷಿಯಲ್ಲಿದ್ದ. ಮದುವೆಯಾದಾಗಿನಿಂದ ಹೆಂಡತಿ ಊರಿನಲ್ಲಿ, ಇವನು ಹೋಟೆಲಿನ ಬೆಂಚಿನ ಮೇಲೆ. ಕೊನೆಗೂ ಗುಡ್ಡದ ಬದಿಯ ಚಾಳಿನಲ್ಲಿ ಒಂದು ಖೋಲಿ ಗೊತ್ತು ಮಾಡಿದ್ದ. ದೀಪಾವಳಿ ಕಳೆದ ಮೇಲೆ ಅವಳನ್ನು ಕರೆಸಿಕೊಳ್ಳುವುದು ಎಂದು ನಿಶ್ಚಯವಾಗಿತ್ತು. ಖೋಲಿಗೆ ಕಿಟಕಿ ಇರಲಿಲ್ಲ. "ಕಿಟಕಿ ಇದ್ರೆ ಅವಳು ಹೊರಗೆ ನೋಡ್ತಾಳೆ ಮಾರಾಯ, ಇಲ್ಲದಿದ್ರೆ ನನ್ನನ್ನೇ ನೋಡ್ಬೇಕಲ್ಲ," ಎಂದು ನಾಚಿ ನಗುತ್ತಿದ್ದ.

ಆಗಲೇ ಸುದ್ದಿ ಬಂದದ್ದು. ಹೋಟೆಲಿನ ಕೆಲಸದವರಿಗೂ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡುತ್ತದಂತೆ, ಅದಕ್ಕಿಂತ ಕಡಿಮೆ ಕೊಟ್ಟರೆ ಮಾಲಿಕನಿಗೆ ದಂಡವಂತೆ. ಧಣಿಗಳು ತಲೆಯ ಮೇಲೆ ಕೈ ಹೊತ್ತು ಕೂತರು.

"ಕನಿಷ್ಠ ವೇತನವಂತೆ! ಇವರಿಗೆಲ್ಲ ಅದನ್ನು ಕೊಟ್ಟು ಕೊಟ್ಟು ಕನಿಷ್ಠ ಆಗಿ ಹೋಗುದು ನಾನು," ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇದು ಬಂದ್ರೆ ನಾನು ಮೊದ್ಲು ಮಾಡುವ ಕೆಲಸ ಕಡೆಯುವ ಮೋಟರ್ ಕಲ್ಲು ತರುದು. ಅಂಧೇರಿಯಲ್ಲಿ ನೋಡಿ ಬಂದಿದ್ದೇನೆ. ಅದು ಪಗಾರ ಕೇಳುದಿಲ್ಲ, ಕೆಮ್ಮುದೂ ಇಲ್ಲ," ಎಂದರು.

ಮೂಲೆಯಲ್ಲಿ ಕಲ್ಲು ನಿಂತಿತು. ಮಾವ ಕಡೆಯುವ ಗುಂಡನ್ನು ಬಿಟ್ಟು ಬಾಯಿಗೆ ಬಂದ ಕೆಮ್ಮನ್ನು ಅಂಗೈಯಲ್ಲಿ ಮುಚ್ಚಿಕೊಂಡ.

ಕೆಲವು ದಿನಗಳಲ್ಲಿ ಸರ್ಕಾರದ ಪ್ರಕಟಣೆಯೂ ಬಂತು. ಎಲ್ಲರಿಗೂ ಕಾಣುವಲ್ಲಿ ಅಂಟಿಸಬೇಕೆಂದು ಅಪ್ಪಣೆ. ಧಣಿಗಳು ಅದನ್ನು ಸೌದೆ ಒಟ್ಟುವ ಗೋಡೆಗೆ ಅಂಟಿಸಿದರು. ನಾವು ಸೌದೆ ಸರಿಸಿ ನೋಡಿದೆವು. ಪೂರ್ತಿ ಮರಾಠಿ. ನಮಗೆಲ್ಲ ಗಿರಾಕಿಗಳ ಹತ್ತಿರ ಆಡುವಷ್ಟು ಮರಾಠಿ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಓದಬಲ್ಲವರು ಭಟ್ಟರೊಬ್ಬರೇ, ಅವರು ಚಿಕ್ಕಂದಿನಲ್ಲಿ ಸಂಸ್ಕೃತ ಪಾಠಶಾಲೆಯ ಮೆಟ್ಟಿಲು ಹತ್ತಿದವರು. ಎಷ್ಟು ಮೆಟ್ಟಿಲು ಎಂದು ನಾವು ಯಾರೂ ಕೇಳಿರಲಿಲ್ಲ.

ಭಟ್ಟರು ಕೈ ಒರೆಸಿಕೊಂಡು ಬಂದು, ಕಣ್ಣು ಕಿರಿದು ಮಾಡಿ, ಮಂತ್ರ ಹೇಳುವ ರಾಗದಲ್ಲಿ ಓದಿದರು. "ಕುಶಲ. ಅರ್ಧಕುಶಲ. ಅಕುಶಲ."

"ಅಂದ್ರೆ ಎಂತ ಭಟ್ರೇ?"

"ಎಂತ ಅಂದ್ರೆ? ಕಾಗದದಲ್ಲಿ ಬರೆಯುದಿಲ್ವಾ, ನಾವೆಲ್ಲ ಇಲ್ಲಿ ಕುಶಲ ಅಂತ? ಅದೇ. ಕುಶಲ ಅಂದ್ರೆ ಹುಷಾರಿದ್ದವ, ಅವನಿಗೆ ದೊಡ್ಡ ಪಗಾರ. ಅರ್ಧಕುಶಲ ಅಂದ್ರೆ ಅರ್ಧ ಹುಷಾರು, ಅವನಿಗೆ ಸ್ವಲ್ಪ ಕಡಿಮೆ. ಅಕುಶಲ ಅಂದ್ರೆ ಸೀಕು. ಅವನಿಗೆ ಎಲ್ಲಕ್ಕಿಂತ ಕಡಿಮೆ. ಸಾಹೇಬರು ಬಂದು ಒಬ್ಬೊಬ್ಬರನ್ನೇ ನೋಡಿ ಬರ್ಕೊಳ್ತಾರೆ."

ನಮಗೆ ಒಂದಿಷ್ಟೂ ಸಂಶಯ ಬರಲಿಲ್ಲ. ಹುಷಾರಿಲ್ಲದವನಿಗೆ ಎಲ್ಲಕ್ಕಿಂತ ಕಡಿಮೆ ಕೊಡುವುದು ಸರ್ಕಾರದವರು ಮಾಡುವಂಥ ಕೆಲಸವೇ ಎಂದು ನಮಗೆ ತೋರಿತು. ಆದರೆ ಮಾವನ ಮುಖ ನೋಡಲಾಗುತ್ತಿರಲಿಲ್ಲ. ಸರ್ಕಾರವೇ ಸೀಕು ಎಂದು ಬರೆದುಕೊಟ್ಟ ಮೇಲೆ ಧಣಿಗಳು ಅವನನ್ನು ಇಟ್ಟುಕೊಳ್ಳುತ್ತಾರೆಯೇ? ಮೋಟರ್ ಕಲ್ಲು ಬರುತ್ತದೆ, ಖೋಲಿ ಹೋಗುತ್ತದೆ, ಹೆಂಡತಿ ಅಲ್ಲೇ ಉಳಿಯುತ್ತಾಳೆ.

ಅವನ ಕಾಗದಗಳನ್ನು ಬರೆದುಕೊಡುತ್ತಿದ್ದವನು ನಾನು. ಆ ಭಾನುವಾರ ರೂಢಿಯಂತೆ 'ನಾನು ಇಲ್ಲಿ ಕುಶಲ' ಎಂದು ಶುರು ಮಾಡಿದ್ದೇ, ಅವನು ನನ್ನ ಕೈ ಹಿಡಿದ.

"ಹಾಗೆ ಬರಿಬೇಡ ಮಾರಾಯ. ಸಾಹೇಬರು ಇನ್ನೂ ನೋಡ್ಲಿಲ್ಲ. ಈಗ ಕುಶಲ ಅಂತ ಬರ್ದು ನಾಳೆ ಅಕುಶಲ ಆದ್ರೆ?"

"ಅರ್ಧಕುಶಲ ಅಂತ ಬರಿಲಾ?"

"ಅವಳು ಹೆದರ್ತಾಳೆ. ಯಾವ ಅರ್ಧ ಅಂತ ಕೇಳ್ತಾಳೆ."

ಕೊನೆಗೆ 'ನಾನು ಇಲ್ಲಿ ಇದ್ದೇನೆ' ಎಂದು ಬರೆದೆವು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಇಡೀ ಹೋಟೆಲು ಹುಷಾರಾಗಲು ಹೊರಟಿತು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹಿತ್ತಲಿನಲ್ಲಿ ಎಲ್ಲರೂ ಸಾಲಾಗಿ ನಿಂತು ಬಸ್ಕಿ ಹೊಡೆದೆವು. ಕೈ ತೊಳೆಯುವಲ್ಲಿನ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡೆವು. ಒಬ್ಬ ಗಿರಾಕಿ ನಮ್ಮ ಸಾಲು ನೋಡಿ ತಾನೂ ನಾಲಿಗೆ ಚಾಚಿ ನೋಡಿಕೊಂಡು ಚಿಂತೆಯಿಂದ ಹೋದ. ಬಾಯಿ ಕೆಂಪಗಿದ್ದರೆ ಮೈಯಲ್ಲಿ ರಕ್ತ ತುಂಬಿದೆ ಎಂದು ಕಾಣುತ್ತದೆ ಅಂತ ಹೇಳಿ ಭಟ್ಟರು ಮೊದಲೇ ಇದ್ದ ಎಲೆ ಅಡಿಕೆಯನ್ನು ಇಮ್ಮಡಿ ಮಾಡಿದರು. ಮಾವ ಬೆಲ್ಲ ಶುಂಠಿಯ ಉಂಡೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡು ಕೆಮ್ಮು ನುಂಗುವ ಅಭ್ಯಾಸಕ್ಕೆ ಬಿದ್ದ. ನುಂಗಿದ ಕೆಮ್ಮು ಹೊಟ್ಟೆಯೊಳಗೆ ಹೋಗಿ ಬಿಕ್ಕಳಿಕೆಯಾಗಿ ಬರುತ್ತಿತ್ತು.

ಸ್ಟೇಷನ್ನಿನಲ್ಲಿ ಕಾಸು ಹಾಕಿದರೆ ತೂಕದ ಚೀಟಿ ಉದುರಿಸುವ ಯಂತ್ರವಿತ್ತು. ಸಾಹೇಬರು ಕೇಳಿದರೆ ತೋರಿಸಲು ಒಂದು ಚೀಟಿ ಕಿಸೆಯಲ್ಲಿರಲಿ ಎಂದು ಒಬ್ಬೊಬ್ಬರಾಗಿ ಹೋಗಿ ತೂಗಿಸಿಕೊಂಡೆವು. ಮಾವನದು ಬಹಳ ಕಡಿಮೆ ಬರುತ್ತದೆಂಬ ಭಯ. ಅವನು ಎರಡು ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು, ಮೇಲೆ ಅಂಗಿ ಬಿಟ್ಟುಕೊಂಡು ಯಂತ್ರ ಹತ್ತಿದ. ಚೀಟಿಯಲ್ಲಿ ಒಳ್ಳೆ ಗೃಹಸ್ಥನ ತೂಕ ಬಂತು. ಎಷ್ಟು ಖುಷಿಯಾಯಿತೆಂದರೆ, ಇನ್ನೊಮ್ಮೆ ಹತ್ತಿ ಇನ್ನೊಂದು ಚೀಟಿ ತೆಗೆದು ಅದನ್ನು ಹೆಂಡತಿಗೆ ಕಳಿಸಿದ. ಇಳಿಯುವಾಗ ಒಂದು ಕಾಯಿ ಜಾರಿ ಪ್ಲಾಟ್‌ಫಾರ್ಮಿನ ಮೇಲೆ ಉರುಳಿಕೊಂಡು ಹೋಯಿತು. ಒಬ್ಬ ಹಮಾಲ ಅದನ್ನು ಹಿಡಿದುಕೊಟ್ಟು, ಏನೂ ಕೇಳದೆ, ಬಹಳ ಕನಿಕರದಿಂದ ಮಾವನನ್ನು ನೋಡಿದ.

ಸಾಹೇಬರು ಬಂದದ್ದು ಊಟದ ಗದ್ದಲದ ಹೊತ್ತಿನಲ್ಲಿ. ಮರಾಠಿಯವರು, ಬಿಳಿ ಅಂಗಿ, ಬೆವರಿ ಬೇಸತ್ತಿದ್ದರು. ಧಣಿಗಳು ಉಪಚಾರ ಮಾಡಿ, ಎಲ್ಲರೂ ಅಕುಶಲರೇ ಸಾಹೇಬ್ರೇ, ಎಲ್ಲ ಊರಿನಿಂದ ಬಂದ ಪಾಪದವರು ಎಂದು ಒಂದೇ ಮಾತಿನಲ್ಲಿ ಮುಗಿಸಲು ನೋಡಿದರು. ಸಾಹೇಬರು ನಂಬಲಿಲ್ಲ. ಎದ್ದು ಸೀದಾ ಒಳಗೆ ಬಂದರು. ನಾನು ಬಾಗಿಲಲ್ಲೇ ಸಿಕ್ಕಿದೆ. ಮುಂದಿನದನ್ನು ಆಗಲೇ ಹೇಳಿದ್ದೇನೆ.

ಸೀನಿದ್ದನ್ನು ಒರೆಸಿಕೊಂಡು, ಸಿಟ್ಟಿನಲ್ಲೇ ನನ್ನನ್ನು ಬರೆದುಕೊಂಡು ಸಾಹೇಬರು ಮೂಲೆಗೆ ಹೋದರು. "ತೂ ಕುಶಲ್ ಕೀ ಅಕುಶಲ್?" ಎಂದು ಮಾವನನ್ನು ಕೇಳಿದರು.

ಮಾವ ಎದ್ದು ನಿಂತ. "ಕುಶಲ್ ಸಾಹೇಬ! ಏಕ್‌ದಮ್ ಕುಶಲ್!" ಎಂದ, ಇಡೀ ಹೋಟೆಲಿಗೆ ಕೇಳುವ ಹಾಗೆ. ನಂಬಿಕೆ ಬರಲೆಂದು ಎರಡು ಬಸ್ಕಿಯನ್ನೂ ಹೊಡೆದ.

ಸಾಹೇಬರು ತಬ್ಬಿಬ್ಬಾಗಿ, ನಿನ್ನ ಕೆಲಸ ಮಾಡಿ ತೋರಿಸು ಎಂದರು. ಮಾವ ಕೂತು ಗುಂಡು ತಿರುಗಿಸಿದ. ಅಷ್ಟು ಜೋರಾಗಿ ಅವನು ಎಂದೂ ತಿರುಗಿಸಿದ್ದಿಲ್ಲ. ಕೆಮ್ಮು ಗಂಟಲಿಗೆ ಬಂದು ನಿಂತಿತ್ತು, ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಉದ್ದಿನ ಹಿಟ್ಟು ಮೊದಲು ಗೋಡೆಗೆ ಹಾರಿತು, ಆಮೇಲೆ ಸಾಹೇಬರ ಬಿಳಿ ಅಂಗಿಗೆ, ಆಮೇಲೆ ಕನ್ನಡಕಕ್ಕೆ.

"ಬಸ್! ಬಸ್! ಕುಶಲ್! ಲಿಹಿಲಂ ಬಾಬಾ, ಕುಶಲ್ ಲಿಹಿಲಂ!" ಎಂದು ಸಾಹೇಬರು ಹಿಂದೆ ಸರಿಯುತ್ತಲೇ ಬರೆದುಕೊಂಡರು. ಧಣಿಗಳು ಅಡ್ಡ ಬಂದು ಏನೋ ಹೇಳಹೊರಟರು. ಇಷ್ಟು ಕೆಲಸ ಮಾಡುವವನನ್ನು ಅಕುಶಲ ಎನ್ನುತ್ತೀರಾ ಎಂದು ಸಾಹೇಬರು ಅವರ ಮೇಲೇ ಹರಿಹಾಯ್ದರು.

ಉಳಿದವರು ಭಟ್ಟರು. ಅವರ ಬಾಯಲ್ಲಿ ಆರೋಗ್ಯ ತುಂಬಿ ತುಳುಕುತ್ತಿತ್ತು. ಸಾಹೇಬರ ಮುಂದೆ ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ, ಬಾಯಿ ತೆರೆದರೆ ಹಿಟ್ಟು ಮೆತ್ತಿದ ಸಾಹೇಬರ ಕನ್ನಡಕ ಕೆಂಪೂ ಆಗುತ್ತದೆ. "ಕುಶಲ್?" ಎಂದು ಕೇಳಿದಾಗ ಭಟ್ಟರು "ಮ್ಮ್ ಮ್ಮ್" ಎಂದು, ನಮ್ಮ ಕಡೆಯವರು ಹೌದು ಎನ್ನುವಾಗ ಆಡಿಸುವ ಹಾಗೆ ತಲೆಯನ್ನು ಆ ಭುಜಕ್ಕೊಮ್ಮೆ ಈ ಭುಜಕ್ಕೊಮ್ಮೆ ಆಡಿಸಿದರು. ಸಾಹೇಬರಿಗೆ ಅದು ಹೌದೋ ಅಲ್ಲವೋ ತಿಳಿಯಲಿಲ್ಲ.

"ಅರ್ಧಕುಶಲ್?"

"ಮ್ಮ್!" ಎಂದು ಭಟ್ಟರು ಗಾಬರಿಯಿಂದ ಇನ್ನೂ ಜೋರಾಗಿ ಆಡಿಸಿದರು. ಸಾಹೇಬರು ಬರೆದುಕೊಂಡು, ಅಂಗಿ ತೊಳೆಯಲು ನೀರು ಕೇಳಿದರು.

ಸಂಜೆ ಧಾರವಾಡದ ರಾಯರು ಕಾಫಿಗೆ ಬಂದರು. ಪಕ್ಕದ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು, ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ನಾವು ನಮ್ಮ ನಮ್ಮ ಆರೋಗ್ಯದ ಫಲಿತಾಂಶ ಹೇಳಿದೆವು. ಅವರು ಬಶಿಗೆ ಸುರಿದುಕೊಂಡ ಕಾಫಿಯನ್ನು ಮೇಜಿನ ಮೇಲೆ ಉಗಿದು ನಕ್ಕರು.

"ಅಲ್ರೀ ಮಾರಾಯ್ರ, ಕುಶಲ ಅಂದ್ರ ಮೈಯಾಗ ಆರಾಮ ಅದಾನ ಅಂತಲ್ರೀ! ಕಸಬು ಬರತೈತಿ ಅಂತ! ಅಕುಶಲ ಅಂದ್ರ ಏನೂ ಬರಂಗಿಲ್ಲ, ಅರ್ಧಕುಶಲ ಅಂದ್ರ ಅಷ್ಟಕ್ಕಷ್ಟ. ಯಾರು ಹೇಳಿದ್ರಿ ನಿಮಗ ಇದನ್ನ?"

ನಾವೆಲ್ಲ ಭಟ್ಟರ ಕಡೆ ನೋಡಿದೆವು. ಭಟ್ಟರು ಕಾವಲಿಯ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ಮೊದಲನೆಯ ದೋಸೆ ನನ್ನ ಕೈಗೆ ಬಂತು. ಅರ್ಧ ಇತ್ತು. ಮುರಿದದ್ದಲ್ಲ, ಹುಯ್ದದ್ದೇ ಅರ್ಧ, ಅಷ್ಟಮಿಯ ಚಂದ್ರನ ಹಾಗೆ ನೀಟಾಗಿ. ಎರಡನೆಯದೂ ಅರ್ಧ, ಮೂರನೆಯದೂ ಅರ್ಧ. ಗಿರಾಕಿಗಳು ನನ್ನ ಮೇಲೆ ಕೂಗಾಡಿದರು, ನಾನು ಒಳಗೆ ಹೋಗಿ ಭಟ್ಟರನ್ನು ಕೇಳಿದೆ.

"ಅರ್ಧಕುಶಲನಿಗೆ ಬರುದೇ ಅಷ್ಟು. ಪೂರ್ತಿ ದೋಸೆ ಬೇಕಾದ್ರೆ ಕುಶಲನ ಹತ್ರ ಹುಯ್ಸಿಕೊಳ್ಳಿ. ಅಗೋ, ಮೂಲೆಯಲ್ಲಿ ಕೂತಿದ್ದಾನೆ."

ಗಿರಾಕಿಗಳು ಅರ್ಧ ಹಣ ಕೊಟ್ಟು ಎದ್ದು ಹೋಗತೊಡಗಿದರು. ಒಬ್ಬ ಗುಜರಾತಿ ಗಿರಾಕಿ ಮಾತ್ರ ಅದು ಮಡಿಸದೆ ಡಬ್ಬಿಯಲ್ಲಿ ಸರಿಯಾಗಿ ಕೂರುತ್ತದೆಂದು ಸಂತೋಷಪಟ್ಟು, ದಿನಾ ಹೀಗೇ ಮಾಡಿ ಎಂದು ಹೇಳಿಹೋದ. ಧಣಿಗಳು ಆ ಹೊಗಳಿಕೆಯನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಭಟ್ಟರ ಹಟ ಒಂದೇ, ತಮ್ಮನ್ನು ಮೇಲೆ ಹಾಕಿ, ಇಲ್ಲವೇ ಮಾವನನ್ನು ಕೆಳಗೆ ಹಾಕಿ. ಧಣಿಗಳಿಗೆ ಎರಡನೆಯದೇ ಸಸ್ತಾ ಎಂದು ಹೊಳೆಯಿತು. ಸಾಹೇಬರಿಗೆ ಅರ್ಜಿ ಹಾಕಿ ಮಾವನನ್ನು ಅಕುಶಲ ಮಾಡಿಸುತ್ತೇನೆ, ಆಗದಿದ್ದರೆ ಅಂಧೇರಿಗೆ ಹೋಗಿ ಮೋಟರ್ ಕಲ್ಲಿಗೆ ಹೇಳಿಯೇ ಬರುತ್ತೇನೆ ಎಂದರು.

ಹಾಗೆಂದ ದಿನವೇ ಊರಿನಿಂದ ಕಾಗದ ಬಂತು. ಮಾವನ ಹೆಂಡತಿ ನೆರೆಮನೆಯವರ ಜೊತೆ ಹೊರಟಾಗಿತ್ತು. ನಾನು ಓದಿ ಹೇಳಿದೆ. ಮಾವ ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಎದ್ದು ಭಟ್ಟರ ಹತ್ತಿರ ಹೋದ. ಆ ಮನುಷ್ಯ ಯಾರ ಹತ್ತಿರವೂ ಎದುರು ನಿಂತು ಮಾತಾಡಿದವನಲ್ಲ.

"ಭಟ್ರೇ, ನನ್ನನ್ನು ಅಕುಶಲ ಮಾಡ್ಲಿ, ಅಡ್ಡಿಲ್ಲ. ಆದ್ರೆ ನಿಮ್ಗೇ ಲುಕ್ಸಾನು. ನಿಮ್ಮ ದೋಸೆ ಆಗುದು ನನ್ನ ಹಿಟ್ಟಿನಿಂದ. ಅಕುಶಲನ ಹಿಟ್ಟಿನಿಂದ ಕುಶಲ ದೋಸೆ ಆಗ್ತದಾ? ಯಾರಾದ್ರೂ ನಂಬ್ತಾರಾ? ಈಗ ಹಿಟ್ಟು ಕುಶಲ ಉಂಟು. ಹಿಟ್ಟೇ ಕುಶಲ ಆದ್ರೆ ಹುಯ್ಯುವವ ಅರ್ಧಕುಶಲ ಹೇಗೆ ಆಗ್ತಾನೆ? ಅದನ್ನು ಧಣಿಗಳ ಹತ್ರ ಕೇಳಿ ನೀವು."

ಭಟ್ಟರ ಕೈಯ ಸೌಟು ನಿಂತಿತು. ಕಾವಲಿಯ ಮೇಲಿನ ಅರ್ಧ ದೋಸೆ ಕರಿದಾಗಿ ಹೊಗೆ ಎದ್ದಿತು. ಮಾವನಿಗೆ ಕೆಮ್ಮು ಬಂತು, ಈ ಸಲ ನುಂಗಲಿಲ್ಲ. ಭಟ್ಟರು ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಸೌಟು ಹಿಡಿದುಕೊಂಡೇ ಗಲ್ಲೆಗೆ ಹೋದರು.

"ಧಣೀ, ಹಿಟ್ಟು ಕುಶಲ. ಸರ್ಕಾರ ಬರ್ದಾಗಿದೆ. ಆದ್ದರಿಂದ ದೋಸೆಯೂ ಕುಶಲ, ನಾನೂ ಕುಶಲ. ಅವನನ್ನು ಇಳಿಸಿದ್ರೆ ನನ್ನನ್ನೂ ಇಳಿಸಿದ ಹಾಗೆ. ಕಾಲು ದೋಸೆ ಹುಯ್ತೇನೆ."

"ಹಾಗಾದ್ರೆ ಮೋಟರ್ ಕಲ್ಲು ತರ್ತೇನೆ!" ಎಂದರು ಧಣಿಗಳು.

"ತನ್ನಿ. ಅದಕ್ಕೆ ಸಾಹೇಬರು ಕುಶಲ ಅಂತ ಬರ್ದುಕೊಟ್ಟಿದ್ದಾರಾ? ಸರ್ಕಾರ ನೋಡದ ಕಲ್ಲಿನ ಹಿಟ್ಟು ನಾನು ಮುಟ್ಟುದಿಲ್ಲ."

ಧಣಿಗಳು ಬಾಯಿ ತೆರೆದರು. ಕಪಿಲೆಯ ವಿಚಾರ ಕೇಳಲು ಹೊರಟಿರಬೇಕು, ಆದರೆ ಭಟ್ಟರ ಮನೆಯಲ್ಲಿ ದನ ಇರಲಿಲ್ಲ. ಕೊನೆಗೆ ಇಬ್ಬರಿಗೂ ಕುಶಲರ ಪಗಾರ ಎಂದು ಒಪ್ಪಿಕೊಂಡರು. ಮಧ್ಯಾಹ್ನದ ದೋಸೆಗಳು ದುಂಡಗೆ ಬಂದವು. ಗುಜರಾತಿ ಗಿರಾಕಿ ಮಾತ್ರ ಬೇಜಾರು ಮಾಡಿಕೊಂಡ.

ಪಗಾರ ಎಲ್ಲರಿಗೂ ಏರಿತು, ಅಕುಶಲನಾದ ನನಗೂ ಏರಿತು. ಅದನ್ನು ಇಲ್ಲ ಎನ್ನಬಾರದು. ಧಣಿಗಳು ಅದನ್ನು ಬೇರೆ ದಾರಿಯಲ್ಲಿ ವಾಪಸು ತೆಗೆಯಲು ನೋಡಿದರು. ಅಲ್ಲಿಯವರೆಗೆ ನಮ್ಮ ಊಟ ತಿಂಡಿಗೆ ಲೆಕ್ಕವಿರಲಿಲ್ಲ, ಈಗ ಅದಕ್ಕೆಂದು ಪಗಾರದಲ್ಲಿ ಹಣ ಮುರಿಯತೊಡಗಿದರು. ಕೊಟ್ಟ ಹಣಕ್ಕೆ ಮೋಸವಾಗಬಾರದೆಂದು ನಾವು ಹಟ ಹಿಡಿದು ಇಡ್ಲಿ ತಿಂದೆವು, ಹಸಿವಿಲ್ಲದಿದ್ದರೂ ತಿಂದೆವು. ತಿಂಗಳು ತುಂಬುವ ಮೊದಲೇ ಧಣಿಗಳು ಕೈ ಮುಗಿದು, ಮುರಿಯುವುದಿಲ್ಲ ಮಾರಾಯ್ರೆ, ಮೊದಲಿನ ಹಾಗೆ ತಿನ್ನಿ ಎಂದರು. ಇನ್ನೊಂದು ಉಪಾಯದಲ್ಲಿ ಮಾತ್ರ ಗೆದ್ದರು. ದೀಪಾವಳಿಗೆ ಊರಿಗೆ ಹೋದ ಒಬ್ಬ ಸಪ್ಲಾಯರನಿಗೆ ಬರಬೇಡ ಎಂದು ಬರೆದುಬಿಟ್ಟರು. ಅವನ ಮೇಜುಗಳೆಲ್ಲ ನನ್ನ ಕುತ್ತಿಗೆಗೆ ಬಿದ್ದವು. ಅವನು ಅಲ್ಲಿ ಏನು ಮಾಡಿದನೋ ಎಂದು ಪಾಪ ಅನಿಸುತ್ತಿತ್ತು, ಕಾಲು ನೋಯುವಾಗ ಅವನ ಮೇಲೇ ಸಿಟ್ಟೂ ಬರುತ್ತಿತ್ತು.

ಇದೆಲ್ಲ ಆಮೇಲಿನ ಮಾತು. ಕಾಗದ ಬಂದ ಮರುದಿನವೇ ಹೆಂಡತಿಯನ್ನು ಕರೆತರಲು ಬೋರಿಬಂದರು ಸ್ಟೇಷನ್ನಿಗೆ ಮಾವನ ಜೊತೆ ನಾನೂ ಹೋದೆ. ಅವನು ಇಸ್ತ್ರಿ ಹಾಕಿದ ಅಂಗಿಯಲ್ಲಿ ಇನ್ನೂ ತೆಳ್ಳಗೆ ಕಾಣುತ್ತಿದ್ದ. ಗಾಡಿ ಬಂತು. ನೆರೆಮನೆಯವರ ಹಿಂದೆ ಒಬ್ಬ ಹೆಂಗಸು, ಗಂಟೊಂದನ್ನು ಕಂಕುಳಲ್ಲಿ ಒತ್ತಿಕೊಂಡು ಇಳಿದಳು. ಇವನು ಎದುರಿಗೆ ನಿಂತು ನಗುತ್ತಿದ್ದರೂ ಅವಳು ಇವನನ್ನು ದಾಟಿ ಹಿಂದಿನ ಜನರಲ್ಲಿ ಯಾರನ್ನೋ ಹುಡುಕುತ್ತಿದ್ದಳು. ಆಮೇಲೆ ತಿರುಗಿ, ಇವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಮೆತ್ತಗಾದ ತೂಕದ ಚೀಟಿಯನ್ನು ತೆಗೆದಳು.

"ಈ ತೂಕದವರು ಎಲ್ಲಿದ್ದಾರೆ?" ಎಂದು ಕೇಳಿದಳು.

ಮಾವ ತಲೆ ಕೆರೆದುಕೊಂಡ. "ಅದರಲ್ಲಿ ಎರಡು ತೆಂಗಿನಕಾಯಿ ಉಂಟು ಮಾರಾಯ್ತಿ. ಕುಶಲ ಅಂತ ಕಾಣ್ಲಿ ಅಂತ..." ಎಂದು ನಗಲು ಹೋದ. ನಗೆಯ ಹಿಂದೆಯೇ ಕೆಮ್ಮು ಬಂತು. ಸರ್ಕಾರದ ಮುಂದೆ, ಧಣಿಗಳ ಮುಂದೆ ನುಂಗಿಟ್ಟದ್ದೆಲ್ಲ ಆ ಪ್ಲಾಟ್‌ಫಾರ್ಮಿನ ಮೇಲೆ ಹೊರಗೆ ಬಂತು, ನಿಲ್ಲಲೇ ಇಲ್ಲ. ಅವಳು ಗಂಟನ್ನು ನನ್ನ ಕೈಗೆ ತುರುಕಿ ಅವನ ಬೆನ್ನು ನೀವಿದಳು.

"ಎರಡು ತೆಂಗಿನಕಾಯಿಯಷ್ಟು ಕಡಿಮೆ ಉಂಟಲ್ಲ," ಎಂದಳು. "ಇರ್ಲಿ. ಇನ್ನು ನಾನು ಬಂದೆನಲ್ಲ, ಅಷ್ಟನ್ನು ತುಂಬಿಸಿ ಕೊಡ್ತೇನೆ."